ಬಾನೆಟ್ಟಿನ ಕೆಳಗಿನ ಶುಚಿತ್ವ

ಮನುಷ್ಯನು ಸಾಮಾನ್ಯವಾಗಿ ತನ್ನ ಕಣ್ಣಿಗೆ ಬೀಳುವುದನ್ನು, ಅದಕ್ಕಿಂತ ಹೆಚ್ಚಾಗಿ ಇತರರ ಕಣ್ಣಿಗೆ ಬೀಳುವುದನ್ನು, ಶುಚಿಯಾಗಿ ಇಟ್ಟುಕೊಳ್ಳುವ ಸ್ವಭಾವದವನು. ಮನೆಯ ಮುಂದಿನ ಅಂಗಳಕ್ಕೆ ದಿನವೂ ರಂಗೋಲಿ ಬೀಳುತ್ತದೆ. ಹಿತ್ತಿಲ ಮೋರಿಯ ನೆನಪಾಗುವುದು ಅದು ಕಟ್ಟಿಕೊಂಡ ದಿನ ಮಾತ್ರ. ಮೋಟಾರು ಗಾಡಿಗಳ ವಿಷಯದಲ್ಲಿಯೂ ನಮ್ಮ ನಡವಳಿಕೆ ಇದಕ್ಕಿಂತ ಬೇರೆಯಾಗಿಲ್ಲ. ಮಹಾನವಮಿಯ ಆಯುಧಪೂಜೆಯಂದು ನಮ್ಮ ನಾಡಿನ ಊರೂರಿನಲ್ಲಿಯೂ ಕಾರು, ಲಾರಿ, ಬಸ್ಸು, ಸ್ಕೂಟರುಗಳು ಮಿಂದು ಮಡಿಯಾಗಿ, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಧರಿಸಿ ಸಾಲಾಗಿ ನಿಲ್ಲುತ್ತವೆ. ಬೂದುಗುಂಬಳ ಒಡೆಯುತ್ತದೆ, ಚಕ್ರದಡಿಯಲ್ಲಿ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ. ಆದರೆ ಆ ಗಾಡಿಯನ್ನು ನಿಜವಾಗಿ ಎಳೆಯುವ ಎಂಜಿನ್ನು ಬಾನೆಟ್ಟಿನ ಕತ್ತಲೆಯಲ್ಲಿ ವರ್ಷಗಳ ಜಿಡ್ಡನ್ನೂ ಧೂಳನ್ನೂ ಹೊದ್ದು ಕುಳಿತಿರುತ್ತದೆ. ಪೂಜೆ ಸಂದದ್ದು ತಗಡಿಗೆ, ದುಡಿದದ್ದು ಎಂಜಿನ್ನು.

ಈ ಅಲಕ್ಷ್ಯಕ್ಕೆ ಎದುರಾಗಿ ಇನ್ನೊಂದು ಅತಿರೇಕವೂ ಉಂಟು. ಕೆಲವರು ಎಂಜಿನ್ನನ್ನು ರಭಸದ ನೀರಿನಿಂದ ತೊಳೆಸಿ, ಮೇಲೆ ಥಳಥಳಿಸುವ ದ್ರವವನ್ನು ಸಿಂಪಡಿಸಿ, ತುಕ್ಕು ಹಿಡಿದ ಭಾಗಗಳಿಗೆ ತುಕ್ಕಿನ ಮೇಲೆಯೇ ಬಣ್ಣ ಬಳಿಸಿ, ಹೊಸದರಂತೆ ಕಾಣುತ್ತದೆಂದು ಸಂತೋಷಪಡುತ್ತಾರೆ. ಮೊದಲನೆಯವರಿಗೆ ಎಂಜಿನ್ನಿನ ಹೊರಮೈ ಲೆಕ್ಕಕ್ಕೇ ಇಲ್ಲ. ಎರಡನೆಯವರಿಗೆ ಅದೊಂದು ಪ್ರದರ್ಶನದ ವಸ್ತು. ಎರಡೂ ಗುಂಪಿನವರು ದಾರಿ ತಪ್ಪಿದ್ದಾರೆಂಬುದು ನಮ್ಮ ಅಭಿಪ್ರಾಯ. ಎಂಜಿನ್ನನ್ನು ತೊಳೆಯಬೇಕಾದುದು ಅದನ್ನು ನೋಡುವುದಕ್ಕಾಗಿ. ಬಣ್ಣ ಹಚ್ಚಬೇಕಾದುದು ಲೋಹವನ್ನು ಕಾಯುವುದಕ್ಕಾಗಿ. ಹೊಳಪು ಈ ಎರಡು ಕೆಲಸಗಳೊಡನೆ ತಾನಾಗಿ ಬಂದರೆ ಬರಲಿ. ಅದನ್ನೇ ಗುರಿಯಾಗಿ ಮಾಡಿಕೊಂಡರೆ ಹಣವೂ ವ್ಯರ್ಥ, ಕೆಲವು ವೇಳೆ ಪ್ರಾಣಕ್ಕೂ ಅಪಾಯ. ಈ ಮಾತನ್ನು ವಿದ್ಯಾರ್ಥಿಗಳು ತಮ್ಮ ತರಗತಿಗಳಲ್ಲಿ ಕಲಿಯುವ ಭೌತ ಮತ್ತು ರಸಾಯನ ವಿಜ್ಞಾನಗಳ ಆಧಾರದಿಂದಲೇ ಪರೀಕ್ಷಿಸಿ ನೋಡಬಹುದು.

ಕೊಳೆಯು ಹೇಳುವ ಕಥೆ

ಎಂಜಿನ್ನಿನ ಮೇಲಣ ಕೊಳೆ ಬರಿಯ ಧೂಳಲ್ಲ. ಒಣ ಧೂಳು ಗಾಳಿಗೆ ಹಾರಿಹೋಗುತ್ತದೆ. ಅದು ಅಂಟಿ ನಿಲ್ಲಬೇಕಾದರೆ ಅಂಟು ಬೇಕು. ಆ ಅಂಟನ್ನು ಒದಗಿಸುವುದು ಒಳಗಿನಿಂದ ಸೋರಿದ ಎಣ್ಣೆ. ಎಂಜಿನ್ನಿನ ಭಾಗಗಳು ಒಂದನ್ನೊಂದು ಸೇರುವ ಕಡೆಗಳಲ್ಲಿ ಗ್ಯಾಸ್ಕೆಟ್ ಎಂಬ ಬಿಗಿಪಟ್ಟಿಗಳನ್ನು ಇಟ್ಟಿರುತ್ತಾರೆ. ತಿರುಗುವ ದಂಡಗಳು ಹೊರಕ್ಕೆ ಬರುವ ಎಡೆಗಳಲ್ಲಿ ರಬ್ಬರಿನ ಸೀಲುಗಳಿರುತ್ತವೆ. ಬಿಸಿಯಾಗುತ್ತ ಆರುತ್ತ ವರ್ಷಗಳು ಕಳೆದಂತೆ ಇವು ಗಡುಸಾಗಿ ಬಿರುಕು ಬಿಡುತ್ತವೆ. ಅಲ್ಲಿಂದ ಜಿನುಗಿದ ಎಣ್ಣೆ ಬಿಸಿ ಲೋಹದ ಮೇಲೆ ಹರಡಿ, ಆಮ್ಲಜನಕದೊಡನೆ ಕೂಡಿ, ಮೊದಲು ಅಂಟಾಗಿ, ಬಳಿಕ ಅರಗಿನಂತೆ ಗಟ್ಟಿಯಾಗಿ, ದಾರಿಯ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಬೆಳೆದದ್ದೇ ನಾವು ನೋಡುವ ಕಪ್ಪು ಮಡ್ಡಿ.

ಆದುದರಿಂದ ಕೊಳೆಯೇ ಒಂದು ದಾಖಲೆ. ಅದನ್ನು ಓದದೆ ಅಳಿಸಿಹಾಕುವುದು ಅವಿವೇಕ. ಎಣ್ಣೆ ಭೂಮಿಯ ಸೆಳೆತದಿಂದ ಕೆಳಕ್ಕೆ ಇಳಿಯುತ್ತದೆ. ಗಾಡಿ ಓಡುವಾಗ ನುಗ್ಗುವ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಅತಿ ಹೆಚ್ಚು ಒದ್ದೆಯಾದ ಜಾಗ ಸೋರಿಕೆಯ ಜಾಗವಲ್ಲ. ಸೋರಿಕೆ ಅದಕ್ಕಿಂತ ಮೇಲೆ, ಅದಕ್ಕಿಂತ ಮುಂದೆ ಇರುವುದೇ ಹೆಚ್ಚು. ಬಣ್ಣಗಳೂ ತಮ್ಮ ಪಾಲಿನ ಸಾಕ್ಷ್ಯ ನುಡಿಯುತ್ತವೆ. ಕಂದು ಅಥವಾ ಕಪ್ಪು ಜಿಡ್ಡು ಎಂಜಿನ್ ಎಣ್ಣೆಯದು. ಹಸಿರಾದ ಇಲ್ಲವೆ ನಸುಗೆಂಪಾದ ಒಣಹೊಪ್ಪಳೆ ರೇಡಿಯೇಟರಿನ ದ್ರವದ್ದು. ಬ್ಯಾಟರಿಯ ಕಿವಿಗಳ ಸುತ್ತ ಬೆಳೆದ ಬಿಳಿಯ ಅಥವಾ ನೀಲಿಹಸಿರು ಬೂಷ್ಟು ಗಂಧಕಾಮ್ಲದ ಕೆಲಸ.

ತೊಳೆಯುವ ಮೊದಲು ಒಮ್ಮೆ ಹೀಗೆ ನೋಡಬೇಕು. ತೊಳೆದ ಮೇಲೆ ಮತ್ತೊಮ್ಮೆ ನೋಡಬೇಕು. ಶುಚಿಯಾದ, ಚೆನ್ನಾಗಿ ಒಣಗಿದ ಎಂಜಿನ್ನಿನ ಅನುಮಾನದ ಜಾಗಗಳಿಗೆ, ಎಂಜಿನ್ನು ನಿಂತಿರುವಾಗ, ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಹೊಡೆದು, ಕೆಲವು ಕಿಲೋಮೀಟರು ಓಡಿಸಿ ಬಾನೆಟ್ಟನ್ನು ಎತ್ತಿದರೆ, ಬಿಳಿಯ ಪುಡಿಯ ಮೇಲೆ ಎಣ್ಣೆಯ ಕಂದು ಗೆರೆಯೊಂದು ಹೊರಟ ಸ್ಥಳವನ್ನು ಬೆರಳಿಟ್ಟು ತೋರಿಸುತ್ತದೆ. ಬಿರಿದ ರಬ್ಬರು ಕೊಳವೆ, ಹೊದಿಕೆ ಹರಿದ ತಂತಿ, ಸಡಿಲವಾದ ಬೋಲ್ಟು, ಎರಕದಲ್ಲಿ ಬಿಟ್ಟ ಕೂದಲೆಳೆಯ ಬಿರುಕು ಇವೆಲ್ಲ ಮಡ್ಡಿಯ ಅಡಿಯಲ್ಲಿ ಕಾಣದಿದ್ದವು, ಈಗ ಕಾಣುತ್ತವೆ. ತೊಳೆಯುವುದರ ಮೊದಲ ಲಾಭ ಇದು. ಇದೇ ಮುಖ್ಯ ಲಾಭವೂ ಹೌದು.

ಲಾಭವೆಂದಾಗ ಬೆಂಕಿಯ ಮಾತನ್ನು ಬಿಡಲಾಗದು. ಹೊಗೆಯನ್ನು ಹೊರಕ್ಕೆ ಒಯ್ಯುವ ಮ್ಯಾನಿಫೋಲ್ಡ್ ಎಂಬ ಎರಕದ ಕೊಳವೆ, ಗಾಡಿ ಭಾರವನ್ನೆಳೆಯುತ್ತ ಏರನ್ನು ಹತ್ತುವಾಗ, ೫೦೦ ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಬಲ್ಲುದು. ಎಣ್ಣೆಯು ಕಿಡಿಯ ಸಹಾಯವಿಲ್ಲದೆ ತಾನಾಗಿ ಹೊತ್ತಿಕೊಳ್ಳುವುದಕ್ಕೆ ಅಷ್ಟು ಶಾಖ ಧಾರಾಳವಾಗಿ ಸಾಕು. ಎಣ್ಣೆ ತೊಯ್ದ ಮಡ್ಡಿ, ಅದರಲ್ಲಿ ಸಿಕ್ಕಿಕೊಂಡ ಒಣ ಎಲೆ, ಅದರ ಪಕ್ಕದಲ್ಲಿ ಸವೆದ ವಿದ್ಯುತ್ ತಂತಿ ಇವು ಒಂದೆಡೆ ಸೇರಿದರೆ ಉರಿಗೆ ಬೇಕಾದ ಸಾಮಗ್ರಿಯೆಲ್ಲ ಒದಗಿದಂತೆಯೇ. ಓಡುತ್ತಿದ್ದ ಗಾಡಿ ಹೊತ್ತಿಕೊಂಡ ಸುದ್ದಿಯನ್ನು ಓದಿ ನಾವು ದೈವವನ್ನು ಹಳಿಯುತ್ತೇವೆ. ದೈವಕ್ಕಿಂತ ಮೊದಲು ಗ್ಯಾಸ್ಕೆಟ್ಟನ್ನು ವಿಚಾರಿಸುವುದು ಒಳ್ಳೆಯದು.

ತಂಪಿನ ಲೆಕ್ಕ

ತೊಳೆದು ಕಪ್ಪು ಬಣ್ಣ ಹಚ್ಚಿದರೆ ಎಂಜಿನ್ನು ತಂಪಾಗಿರುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕಪ್ಪು ಮೈ ಶಾಖವನ್ನು ಚೆನ್ನಾಗಿ ಹೊರಸೂಸುತ್ತದೆಂದು ಪಠ್ಯಪುಸ್ತಕವೂ ಹೇಳುತ್ತದಲ್ಲವೆ? ಮಾತು ಸುಳ್ಳಲ್ಲ, ಆದರೆ ವಿಜ್ಞಾನದಲ್ಲಿ ಒಂದು ಮಾತು ನಿಜವಾದರೆ ಸಾಲದು, ಎಷ್ಟು ನಿಜವೆಂಬ ಲೆಕ್ಕವೂ ಬೇಕು.

ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಕೆಲಸವಾಗಿ ದೊರೆಯುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದ ಪಾಲಿನ ಬಹುಭಾಗವನ್ನು ತಂಪುದ್ರವವು ರೇಡಿಯೇಟರಿಗೆ ಒಯ್ದು ಗಾಳಿಗೆ ಬಿಡುತ್ತದೆ. ಹೆದ್ದಾರಿಯಲ್ಲಿ ೧೫ ಕಿಲೋವಾಟ್ ಕೆಲಸ ಮಾಡುತ್ತಿರುವ ಎಂಜಿನ್ನು ಹೀಗೆ ಹೊರಗೆಡಹಬೇಕಾದ ಶಾಖವೂ ಸುಮಾರು ೧೫ ಕಿಲೋವಾಟ್, ಅಂದರೆ ೧೫,೦೦೦ ವಾಟ್. ಇನ್ನು ಎಂಜಿನ್ನಿನ ಹೊರಮೈಯಿಂದ ವಿಕಿರಣದ ಮೂಲಕ ಹೋಗುವ ಶಾಖವನ್ನು ಸ್ಟೀಫನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮದಿಂದ ಲೆಕ್ಕ ಹಾಕೋಣ. ಹೊರಮೈಯ ಉಷ್ಣತೆ ೯೦ ಡಿಗ್ರಿ, ಸುತ್ತಣ ವಸ್ತುಗಳದು ೪೦ ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ, ಪೂರ್ಣ ಕಪ್ಪು ಮೈ ಒಂದು ಚದರ ಮೀಟರಿಗೆ ಸುಮಾರು ೪೪೦ ವಾಟ್ ಶಾಖವನ್ನು ಕಳೆದುಕೊಳ್ಳುತ್ತದೆ. ಬಣ್ಣ ಹಚ್ಚಿದ ಮೈ ಇದರ ನೂರಕ್ಕೆ ತೊಂಬತ್ತರಷ್ಟನ್ನೂ, ಹೊಳೆಯುವ ಅಲ್ಯೂಮಿನಿಯಂ ನೂರಕ್ಕೆ ಹತ್ತರಷ್ಟನ್ನು ಮಾತ್ರವೂ ಹೊರಸೂಸುತ್ತದೆಂದು ಹೇಳಬಹುದು. ಅರ್ಧ ಚದರ ಮೀಟರ್ ಮೈಯ ಎಂಜಿನ್ನಿಗೆ ಬಣ್ಣದಿಂದ ದೊರೆಯುವ ಅಧಿಕ ಲಾಭ ೧೮೦ ವಾಟಿಗಿಂತ ಕಡಿಮೆ. ೧೫,೦೦೦ಕ್ಕೆ ೧೮೦ ಎಂದರೆ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಬಾನೆಟ್ಟಿನ ಕೆಳಗೆ ಸುತ್ತಣ ಭಾಗಗಳೂ ಕಾದಿರುವುದರಿಂದ ನಿಜವಾದ ಲಾಭ ಇನ್ನೂ ಕಡಿಮೆಯೇ.

ಬಣ್ಣ ಕಪ್ಪೇ ಆಗಿರಬೇಕೆಂಬುದೂ ಇಲ್ಲ. ೯೦ ಡಿಗ್ರಿಯ ವಸ್ತುವು ಹೊರಸೂಸುವ ವಿಕಿರಣದಲ್ಲಿ ಹೆಚ್ಚಿನದು ಸುಮಾರು ೮ ಮೈಕ್ರೋಮೀಟರ್ ಅಲೆಯುದ್ದದ ಸುತ್ತಮುತ್ತ ಇರುತ್ತದೆಂದು ವೀನನ ನಿಯಮ ತಿಳಿಸುತ್ತದೆ. ನಮ್ಮ ಕಣ್ಣು ಕಾಣುವುದು ೦.೪ರಿಂದ ೦.೭ ಮೈಕ್ರೋಮೀಟರಿನವರೆಗಿನ ಬೆಳಕನ್ನು ಮಾತ್ರ. ಕಣ್ಣಿಗೆ ಬಿಳಿಯಾಗಿಯೋ ಕೆಂಪಾಗಿಯೋ ಕಾಣುವ ಸಾಧಾರಣ ಎನಾಮಲ್ ಬಣ್ಣಗಳೆಲ್ಲ ಆ ದೀರ್ಘ ಅಲೆಗಳ ಮಟ್ಟಿಗೆ ಬಹುಮಟ್ಟಿಗೆ ಕಪ್ಪೇ. ಲೋಹದ ಪುಡಿ ಬೆರೆತ ಬೆಳ್ಳಿ ಬಣ್ಣ ಮಾತ್ರ ಇದಕ್ಕೆ ಅಪವಾದ.

ಆದರೆ ಗಾಳಿಯಿಂದಲೇ ತಂಪಾಗಬೇಕಾದ ಮೋಟಾರ್ ಸೈಕಲ್ ಮತ್ತು ಸ್ಕೂಟರುಗಳ ವಿಷಯ ಬೇರೆ. ಅವುಗಳ ಸಿಲಿಂಡರಿನ ಸುತ್ತ ತೆಳುವಾದ ರೆಕ್ಕೆಗಳನ್ನು ಎರಕ ಹೊಯ್ದಿರುವುದು ಗಾಳಿಗೆ ತಗುಲುವ ಮೈಯನ್ನು ಹೆಚ್ಚಿಸುವುದಕ್ಕಾಗಿ. ಅಲ್ಯೂಮಿನಿಯಂ ಮಿಶ್ರಲೋಹವು ಎಣ್ಣೆಗಿಂತ ಸುಮಾರು ಸಾವಿರ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ರೆಕ್ಕೆಗಳ ನಡುವೆ ಕೆಸರು ಮತ್ತು ಜಿಡ್ಡು ತುಂಬಿಕೊಂಡರೆ ಲೋಹಕ್ಕೆ ಕಂಬಳಿ ಹೊದಿಸಿದಂತಾಗುವುದು. ಗಾಳಿಯ ದಾರಿಯೂ ಮುಚ್ಚಿಹೋಗುವುದು. ಕಾರಿನ ರೇಡಿಯೇಟರಿನ ಸಂದುಗಳಲ್ಲಿ ಸಿಕ್ಕಿಕೊಂಡ ಕೀಟ, ಹುಲ್ಲು, ಮಣ್ಣಿಗೂ ಇದೇ ಮಾತು ಸಲ್ಲುತ್ತದೆ. ಮಳೆಗಾಲ ಕಳೆದು ಕೆಸರು ಒಣಗಿದ ಕೂಡಲೆ ಈ ಸಂದುಗಳನ್ನು ಮೆತ್ತನೆಯ ಕುಂಚದಿಂದಲೂ ರಭಸವಿಲ್ಲದ ನೀರಿನಿಂದಲೂ ಬಿಡಿಸುವುದು, ಎಂಜಿನ್ನಿಗೆಲ್ಲ ಬಣ್ಣ ಬಳಿಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಫಲಕಾರಿ.

ತೊಳೆಯುವ ರಸಾಯನ

ನೀರಿಗೂ ಎಣ್ಣೆಗೂ ಆಗಿಬರುವುದಿಲ್ಲ. ಎಣ್ಣೆಯನ್ನು ಕರಗಿಸಲು ಎಣ್ಣೆಯ ಜಾತಿಯದೇ ಆದ ದ್ರವ ಬೇಕು. ನಮ್ಮ ಮೇಸ್ತ್ರಿಗಳು ಸೀಮೆಎಣ್ಣೆಯನ್ನು ಬಳಸುತ್ತ ಬಂದದ್ದು ಈ ಕಾರಣದಿಂದಲೇ. ಸಾಬೂನು ಮತ್ತು ಮಾರ್ಜಕಗಳ ರೀತಿ ಬೇರೆ. ಅವುಗಳ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ತುದಿ ಎಣ್ಣೆಯನ್ನೂ ಬಯಸುತ್ತದೆ. ಎಣ್ಣೆಯ ಸಣ್ಣ ಹನಿಗಳನ್ನು ಇಂಥ ಅಣುಗಳು ಸುತ್ತುವರಿದು ನೀರಿನಲ್ಲಿ ತೇಲಿಸಿಕೊಂಡು ಹೋಗುತ್ತವೆ. ಗ್ಯಾರೇಜಿಗಾಗಿಯೇ ತಯಾರಾಗುವ ಜಿಡ್ಡುನಾಶಕಗಳಲ್ಲಿ ಹಲವು ಈ ಎರಡು ಗುಣಗಳನ್ನೂ ಕೂಡಿಸಿದವು.

ಮಾಡಬಾರದ ಕೆಲಸಗಳು ಕೆಲವಿವೆ. ಅವುಗಳ ಕಾರಣಗಳನ್ನು ತಿಳಿದಿರುವುದು ಆವಶ್ಯಕ. ಪೆಟ್ರೋಲಿನಿಂದ ತೊಳೆಯಬಾರದು. ಪೆಟ್ರೋಲು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು, ದೂರದ ಕಿಡಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಸೀಮೆಎಣ್ಣೆಯೂ ಬಿಸಿ ಎಂಜಿನ್ನಿನ ಮೇಲೆ ಸುರಿದರೆ ಸುರಕ್ಷಿತವಲ್ಲ. ಕಾಸ್ಟಿಕ್ ಸೋಡಾ ಜಿಡ್ಡನ್ನು ಚೆನ್ನಾಗಿ ಕಳೆಯುತ್ತದೆಂದು ಅದನ್ನು ಅಲ್ಯೂಮಿನಿಯಂ ಎಂಜಿನ್ನಿಗೆ ಹಚ್ಚಬಾರದು. ಕ್ಷಾರವು ಆ ಲೋಹವನ್ನೇ ತಿಂದು ಜಲಜನಕವನ್ನು ಬಿಡುಗಡೆ ಮಾಡುತ್ತದೆ. ಬಟ್ಟೆಸೋಡಾದ ಬಲವಾದ ದ್ರಾವಣಕ್ಕೂ ಈ ದುರ್ಗುಣವುಂಟು. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬಾರದು. ಲೋಹದ ಹೊರಪದರವು ಒಮ್ಮೆಲೆ ಕುಗ್ಗಿ, ಒಳಪದರವು ಹಿಗ್ಗಿಯೇ ಇದ್ದರೆ, ಎಳೆತವನ್ನು ತಾಳದೆ ಎರಕವು ಬಿರಿಯಬಹುದು.

ಕ್ರಮವಾದ ವಿಧಾನ ಸರಳವಾಗಿಯೇ ಇದೆ. ಎಂಜಿನ್ನು ಮುಟ್ಟುವಷ್ಟು ಆರಿರಬೇಕು. ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಡಿಸಬೇಕು. ಗಾಳಿಯನ್ನು ಒಳಗೊಯ್ಯುವ ಬಾಯಿ, ಆಲ್ಟರ್ನೇಟರು, ಫ್ಯೂಸುಗಳ ಪೆಟ್ಟಿಗೆ, ವಿದ್ಯುನ್ಮಾನ ನಿಯಂತ್ರಕ ಇವುಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ದಪ್ಪ ಮಡ್ಡಿಯನ್ನು ನೀರು ತಾಗಿಸುವ ಮೊದಲೇ ಮರದ ಚಕ್ಕೆಯಿಂದ ಕೆರೆದು ಹಳೆಯ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಬಳಿಕ ಜಿಡ್ಡುನಾಶಕವನ್ನು ಕುಂಚದಿಂದ ಹಚ್ಚಿ, ಅದು ನೆನೆಯುವಷ್ಟು ಹೊತ್ತು ಬಿಟ್ಟು, ಆದಷ್ಟು ಕಡಮೆ ನೀರಿನಿಂದ ತೊಳೆದು, ಪೂರ್ತಿಯಾಗಿ ಒಣಗಿಸಬೇಕು. ಬ್ಯಾಟರಿಯ ಕಿವಿಗಳ ಬೂಷ್ಟಿಗೆ ಅಡುಗೆ ಸೋಡಾದ ನೀರು ಸಾಕು. ಆಮ್ಲ ಕ್ಷಾರಗಳು ಕೂಡಿ ನೊರೆಯೆದ್ದು ಶಾಂತವಾಗುವುದನ್ನು ಕಣ್ಣಾರೆ ನೋಡಬಹುದು. ಆ ನೀರು ಬ್ಯಾಟರಿಯ ಒಳಕ್ಕೆ ಮಾತ್ರ ಹೋಗಕೂಡದು. ಇಂದಿನ ಕಾರುಗಳಲ್ಲಿ ಎಲ್ಲೆಲ್ಲಿಯೂ ಸಂವೇದಕಗಳೂ ಅವುಗಳ ಸೂಕ್ಷ್ಮ ಜೋಡಣೆಗಳೂ ಇರುವುದರಿಂದ, ರಭಸದ ನೀರಿನ ಧಾರೆಯನ್ನು ಬಾನೆಟ್ಟಿನ ಕೆಳಗೆ ಹಾಯಿಸುವುದು ತಪ್ಪೆಂದೇ ನಾವು ಭಾವಿಸುತ್ತೇವೆ. ವಿದ್ಯುತ್ತಿನಿಂದ ಓಡುವ ಕಾರುಗಳಲ್ಲಂತೂ ಕಿತ್ತಳೆ ಬಣ್ಣದ ಹೊದಿಕೆಯ ತಂತಿಗಳು ಅತಿ ಹೆಚ್ಚಿನ ವೋಲ್ಟೇಜನ್ನು ಹೊತ್ತಿರುತ್ತವೆ. ತರಬೇತಿ ಇಲ್ಲದವರು ಅವುಗಳ ಬಳಿಗೆ ಹೋಗಲೇಬಾರದು.

ಕೈಗಳ ಮಾತನ್ನೂ ಇಲ್ಲಿಯೇ ಹೇಳಬೇಕು. ಗ್ಯಾರೇಜುಗಳಲ್ಲಿ ಎಳೆಯ ಹುಡುಗರು ದಿನವಿಡೀ ಬರಿಗೈಯಲ್ಲಿ ಹಳೆಯ ಎಣ್ಣೆಯನ್ನು ಮುಟ್ಟುತ್ತಾರೆ. ಸಂಜೆ ಸೀಮೆಎಣ್ಣೆಯಲ್ಲಿಯೋ ಪೆಟ್ರೋಲಿನಲ್ಲಿಯೋ ಕೈ ತೊಳೆಯುತ್ತಾರೆ. ಹೊಗೆಕೊಳವೆಗಳನ್ನು ಗುಡಿಸುವ ಹುಡುಗರಿಗೆ ಮುಂದೆ ಬರುತ್ತಿದ್ದ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ೧೭೭೫ರಲ್ಲಿಯೇ ಬರೆದನು. ಎಂಜಿನ್ನಿನಲ್ಲಿ ಬೆಂದ ಎಣ್ಣೆಯಲ್ಲಿಯೂ ಆ ಮಸಿಯ ಬಳಗದ ಸಂಯುಕ್ತಗಳು ಸೇರಿಕೊಂಡಿರುತ್ತವೆ. ಸೀಮೆಎಣ್ಣೆಯು ಚರ್ಮದ ಸಹಜವಾದ ಜಿಡ್ಡನ್ನು ಕಳೆದು ಅದನ್ನು ಬಿರಿಯಿಸುತ್ತದೆ. ಒಂದು ಜೊತೆ ಕೈಚೀಲಕ್ಕೆ ತಗಲುವ ವೆಚ್ಚ ಅತ್ಯಲ್ಪ. ಅದನ್ನು ಕೊಡಿಸದ ಮಾಲೀಕನು ಎಂಜಿನ್ನಿನ ಮೈಯನ್ನು ಎಷ್ಟು ಹೊಳೆಯಿಸಿದರೇನು?

ಬಣ್ಣದ ಕೆಲಸ

ಕಾರ್ಖಾನೆಗಳಲ್ಲಿ ಬೀಡು ಎಂದು ಕರೆಯುವ ಎರಕದ ಕಬ್ಬಿಣದ ಎಂಜಿನ್ನಿಗೆ ಬಣ್ಣ ನಿಜವಾಗಿಯೂ ಬೇಕು. ಕಬ್ಬಿಣ, ನೀರು, ಆಮ್ಲಜನಕ ಈ ಮೂರು ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ತುಕ್ಕು ತನಗೆ ಜನ್ಮವಿತ್ತ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಎಡೆಯನ್ನು ಆಕ್ರಮಿಸುತ್ತದೆ. ಆದುದರಿಂದಲೇ ಅದು ಬಣ್ಣದ ಅಡಿಯಲ್ಲಿ ಬೆಳೆದರೆ ಬಣ್ಣವನ್ನು ಹಪ್ಪಳದಂತೆ ಎಬ್ಬಿಸಿಬಿಡುತ್ತದೆ. ತುಕ್ಕಿನ ಮೇಲೆ ಬಳಿದ ಬಣ್ಣ ಒಂದು ಮಳೆಗಾಲ ಕಳೆದರೆ ಹೆಚ್ಚು. ಅಲ್ಯೂಮಿನಿಯಂ ಎಂಜಿನ್ನುಗಳಿಗೆ ಈ ಗೊಡವೆಯಿಲ್ಲ. ಆ ಲೋಹದ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯೊಂದು ತಾನಾಗಿ ಬೆಳೆದು ಒಳಗಿನ ಲೋಹವನ್ನು ಕಾಯುತ್ತದೆ. ಅದನ್ನು ತೊಳೆದು ಹಾಗೆಯೇ ಬಿಡುವುದು ಲೇಸು.

ಕಬ್ಬಿಣದ ಮೇಲಣ ಬಣ್ಣದ ಆಯುಸ್ಸು ನಿರ್ಧಾರವಾಗುವುದು ಬಣ್ಣ ಹಚ್ಚುವ ಮೊದಲೇ. ಸಡಿಲ ತುಕ್ಕನ್ನು ತಂತಿಯ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ಉಜ್ಜಿ ತೆಗೆಯಬೇಕು. ಹಳೆಯ ಕಾರುಗಳ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವ ಸಂಭವವುಂಟು; ಅದರ ಧೂಳು ಶ್ವಾಸಕೋಶಕ್ಕೆ ವಿಷವಾದುದರಿಂದ ಅಂಥವನ್ನು ಒಣಗಿದಂತೆ ಕೆರೆಯಬಾರದು. ಉಳಿದ ತೆಳು ತುಕ್ಕಿಗೆ ಫಾಸ್ಫಾರಿಕ್ ಆಮ್ಲವುಳ್ಳ ದ್ರವವನ್ನು ಹಚ್ಚುವುದುಂಟು. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಈ ಪದರ ಲೋಹಕ್ಕೆ ಬಿಗಿಯಾಗಿ ಅಂಟಿ ಬಣ್ಣಕ್ಕೂ ಹಿಡಿತವನ್ನು ಕೊಡುತ್ತದೆ. ರಂಜಕದ ಈ ಮಹಿಮೆ ನಮ್ಮ ದೇಶಕ್ಕೆ ಹೊಸದಲ್ಲ. ಸುಮಾರು ೧,೬೦೦ ವರ್ಷಗಳಿಂದ ತುಕ್ಕಿಗೆ ಬಲಿಯಾಗದೆ ಉಳಿದು, ಈಗ ದೆಹಲಿಯ ಮೆಹ್ರೌಲಿಯಲ್ಲಿ ನಿಂತಿರುವ ಕಬ್ಬಿಣದ ಕಂಬದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಕಂಬದ ಮೇಲೆ ಫಾಸ್ಫೇಟುಳ್ಳ ರಕ್ಷಕ ಪೊರೆ ಬೆಳೆದಿದೆಯೆಂಬುದನ್ನು ಕಾನ್ಪುರದ ಐಐಟಿಯ ಲೋಹವಿಜ್ಞಾನಿ ಆರ್. ಬಾಲಸುಬ್ರಮಣ್ಯಂ ಅವರು ೨೦೦೦ದಲ್ಲಿ ವಿವರಿಸಿದರು.

ಅನಂತರ ಪ್ರೈಮರು, ಅದರ ಮೇಲೆ ಶಾಖವನ್ನು ತಾಳುವ ಎನಾಮಲ್ ಬಣ್ಣ, ತೆಳುವಾಗಿ ಎರಡು ಮೂರು ಕೈ. ಗೋಡೆಗೋ ಕಿಟಕಿಗೋ ಹಚ್ಚುವ ಬಣ್ಣ ಇಲ್ಲಿ ಸಲ್ಲದು. ಮ್ಯಾನಿಫೋಲ್ಡಿನ ಶಾಖಕ್ಕಂತೂ ಸಿಲಿಕೋನ್ ರಾಳದಿಂದ ಮಾಡಿದ ವಿಶೇಷ ಬಣ್ಣವೇ ಬೇಕು. ಸಾಧಾರಣ ಬಣ್ಣದ ಬೆನ್ನೆಲುಬು ಇಂಗಾಲದ ಸರಪಳಿ. ಸಿಲಿಕೋನಿನದು ಸಿಲಿಕಾನ್ ಮತ್ತು ಆಮ್ಲಜನಕಗಳ ಸರಪಳಿ. ಈ ಎರಡನೆಯ ಬಂಧವು ಹೆಚ್ಚು ಬಲವಾದುದರಿಂದ ಹೆಚ್ಚು ಶಾಖವನ್ನು ತಡೆದುಕೊಳ್ಳುತ್ತದೆ.

ಎಲ್ಲಿ ಹಚ್ಚಬಾರದೆಂಬುದು ಎಲ್ಲಿ ಹಚ್ಚಬೇಕೆಂಬುದಕ್ಕಿಂತ ಮುಖ್ಯ. ಎಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಭೂಸಂಪರ್ಕದ ಪಟ್ಟಿಯ ಕೆಳಗೆ ಬಣ್ಣ ಸೇರಿತೆಂದು ಭಾವಿಸೋಣ. ಅದರಿಂದ ಒಂದು ಓಮಿನ ನೂರನೆಯ ಒಂದು ಪಾಲಿನಷ್ಟು ರೋಧ ಹೆಚ್ಚಿದರೂ ಸಾಕು. ಸ್ಟಾರ್ಟರು ೧೫೦ ಆಂಪೇರ್ ಎಳೆಯುವಾಗ ಓಮನ ನಿಯಮದಂತೆ ಒಂದೂವರೆ ವೋಲ್ಟು ಅಲ್ಲಿಯೇ ಪೋಲಾಗುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಇದು ಎಂಟನೆಯ ಒಂದು ಪಾಲು. ಹೊಸ ಬಣ್ಣದ ಎಂಜಿನ್ನು ಹೊರಡಲು ಮೊಂಡುತನ ಮಾಡಿದರೆ ಆಶ್ಚರ್ಯವೇನು? ಸಂವೇದಕಗಳು, ರಬ್ಬರು ಕೊಳವೆಗಳು, ಬೆಲ್ಟು ಓಡುವ ಗಾಲಿಗಳ ತೋಡು, ಬೋಲ್ಟಿನ ಮರೆಗಳು ಇವೂ ಬಣ್ಣದಿಂದ ದೂರವಿರಬೇಕು. ಎರಕದ ಮೇಲೆ ಕೊರೆದಿರುವ ಎಂಜಿನ್ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಅದನ್ನು ಉಜ್ಜಿ ಅಳಿಸುವುದಾಗಲಿ ಬಣ್ಣದಿಂದ ತುಂಬುವುದಾಗಲಿ ಕೂಡದು.

ಯಾವ ಬಣ್ಣವನ್ನು ಆರಿಸಬೇಕು? ಹಳೆಯ ಕಾರನ್ನು ಅದರ ಮೂಲರೂಪಕ್ಕೆ ತರುವವರು ಕಾರ್ಖಾನೆ ಕೊಟ್ಟಿದ್ದ ಬಣ್ಣವನ್ನೇ ಹಚ್ಚಬೇಕು. ಅಮೆರಿಕದ ಷೆವರ್ಲೆ ಎಂಜಿನ್ನುಗಳ ಕಿತ್ತಳೆ ಬಣ್ಣ ಇಂಥದಕ್ಕೆ ಪ್ರಸಿದ್ಧವಾದ ನಿದರ್ಶನ. ಅಲ್ಲಿ ಬಣ್ಣವೂ ಚರಿತ್ರೆಯ ಒಂದು ಅಂಶ. ಅಂಥ ನಿರ್ಬಂಧವಿಲ್ಲದೆಡೆ ನಮ್ಮ ಮತ ತಿಳಿಬೂದಿಯ ಕಡೆಗೆ. ಕಪ್ಪು ಮೈಯ ಮೇಲೆ ಎಣ್ಣೆಯ ಹನಿ ಅಡಗಿಕೊಳ್ಳುತ್ತದೆ; ತಿಳಿ ಮೈಯ ಮೇಲೆ ಮೊದಲನೆಯ ಹನಿಯೇ ಎದ್ದು ಕಾಣುತ್ತದೆ. ತನ್ನ ದೋಷವನ್ನು ತಾನೇ ತೋರಿಸುವ ಬಣ್ಣ ಎಲ್ಲಕ್ಕಿಂತ ಒಳ್ಳೆಯ ಬಣ್ಣ.

ಥಳಕು ಮತ್ತು ಹುಳುಕು

ಈ ತತ್ತ್ವಕ್ಕೆ ತೀರ ವಿರುದ್ಧವಾದುದು ಹಳೆಯ ಕಾರುಗಳ ಮಾರಾಟದಲ್ಲಿ ನಡೆಯುವ ಒಂದು ವಾಡಿಕೆ. ಮಾರುವ ಹಿಂದಿನ ದಿನ ಎಂಜಿನ್ನನ್ನು ತೊಳೆಸಿ, ಹೊಳಪಿನ ದ್ರವ ಸಿಂಪಡಿಸಿ ನಿಲ್ಲಿಸಿದರೆ, ಕೊಳ್ಳಲು ಬಂದವನ ಕಣ್ಣಿಗೆ ಅದು ಜೋಪಾನವಾಗಿ ಬಳಸಿದ ಗಾಡಿಯಂತೆ ತೋರುತ್ತದೆ. ವರ್ಷಗಳ ಸೋರಿಕೆಯ ದಾಖಲೆ ಒಂದು ಗಂಟೆಯಲ್ಲಿ ಅಳಿಸಿಹೋಗಿರುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ತೊಳೆದವರೆಲ್ಲ ಮೋಸಗಾರರೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಕೊಳ್ಳುವವನು ಹೊಳೆಯುವ ಎಂಜಿನ್ನನ್ನು ಕಂಡಾಗ ಮೆಚ್ಚುವ ಮೊದಲು, ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಕೆಳಗೊಂದು ಬಿಳಿಯ ಕಾಗದ ಹಾಸಿ ಅರ್ಧ ಗಂಟೆ ಕಾಯುವುದು ಒಳಿತು. ನಿಜವಾಗಿ ಶುಚಿಯಾದ ಎಂಜಿನ್ನಿಗೆ ಈ ಪರೀಕ್ಷೆಯ ಭಯವಿಲ್ಲ.

ತೊಳೆದ ನೀರು ಎಲ್ಲಿಗೆ ಹೋಯಿತು?

ಎಂಜಿನ್ನನ್ನು ಬಿಟ್ಟ ಕೊಳೆ ಲೋಕವನ್ನು ಬಿಟ್ಟಿತೆಂದಲ್ಲ. ಲಂಡನ್ನಿನ ಕ್ಲಾಪಮ್ ಎಂಬಲ್ಲಿಯ ಕೊಳವೊಂದರ ಮೇಲೆ ಬೆಂಜಮಿನ್ ಫ್ರಾಂಕ್ಲಿನ್ನನು ಒಂದು ಟೀ ಚಮಚಕ್ಕಿಂತ ಹೆಚ್ಚಲ್ಲದ ಎಣ್ಣೆಯನ್ನು ಸುರಿದು, ಅದು ಸುಮಾರು ಅರ್ಧ ಎಕರೆಯಷ್ಟು ನೀರಿನ ಮೇಲೆ ಹರಡಿ ಅಲೆಗಳನ್ನು ಅಡಗಿಸಿದುದನ್ನು ಕಂಡನು. ಆ ವರದಿ ೧೭೭೪ರಲ್ಲಿ ಪ್ರಕಟವಾಯಿತು. ಅರ್ಧ ಎಕರೆ ಎಂದರೆ ಸುಮಾರು ೨,೦೦೦ ಚದರ ಮೀಟರ್. ಚಮಚದ ಎಣ್ಣೆಯನ್ನು ಇದರಿಂದ ಭಾಗಿಸಿದರೆ ಪೊರೆಯ ದಪ್ಪ ಒಂದೆರಡು ನ್ಯಾನೋಮೀಟರು. ಬಹುಮಟ್ಟಿಗೆ ಒಂದೇ ಅಣುವಿನ ದಪ್ಪ. ಒಂದು ಚಮಚಕ್ಕೆ ಇಷ್ಟು ವಿಸ್ತಾರವಾದರೆ, ಎಂಜಿನ್ನಿನಿಂದ ಇಳಿದ ಬೊಗಸೆ ಮಡ್ಡಿಯ ಪಾಡೇನೆಂಬುದನ್ನು ಊಹಿಸಬಹುದು. ಎಣ್ಣೆಯ ಪೊರೆ ದಪ್ಪವಾದಂತೆ ಆಮ್ಲಜನಕ ನೀರಿಗೆ ಇಳಿಯುವುದು ಕಷ್ಟವಾಗುತ್ತದೆ. ನೀರೊಳಗಿನ ಜೀವಿಗಳು ಉಸಿರುಗಟ್ಟುತ್ತವೆ.

ಬೆಂಗಳೂರಿನ ರಾಜಕಾಲುವೆಗಳು ಕೊನೆಗೆ ಸೇರುವುದು ಕೆರೆಗಳನ್ನು. ಬೆಳ್ಳಂದೂರು ಕೆರೆಯು ನೊರೆಯುಕ್ಕಿಸಿದುದನ್ನೂ, ೨೦೧೫, ೨೦೧೭ ಮತ್ತು ೨೦೧೮ರಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡುದನ್ನೂ ನಾಡೆಲ್ಲ ನೋಡಿತು. ನಗರದ ಕೊಳಚೆಯೂ ಮಾರ್ಜಕಗಳೂ ಕಸವೂ ಸೇರಿ ಆ ಸ್ಥಿತಿ ಬಂದಿತು. ಎಂಜಿನ್ ತೊಳೆದ ನೀರೇ ಕಾರಣವೆಂದರೆ ಅನ್ಯಾಯವಾದೀತು. ಆದರೆ ಎಣ್ಣೆ ಮತ್ತು ಮಾರ್ಜಕ ಎರಡನ್ನೂ ಹೊತ್ತ ಆ ನೀರನ್ನು ಬೀದಿಯ ಚರಂಡಿಗೆ ಬಿಡುವವನು, ಈ ಪಾಪದಲ್ಲಿ ತನಗೆ ಪಾಲಿಲ್ಲವೆಂದು ಹೇಳಲಾರನು. ಬಳಸಿದ ಎಣ್ಣೆಯನ್ನು ನಮ್ಮ ದೇಶದ ೨೦೧೬ರ ನಿಯಮಗಳು ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿಸಿವೆ. ಮನೆಯ ಮುಂದೆ ತೊಳೆಯುವವರು ಮಡ್ಡಿಯನ್ನು ಒಣಗಿದಂತೆಯೇ ಕೆರೆದು, ಬಟ್ಟೆಯೊಡನೆ ಡಬ್ಬಿಯಲ್ಲಿಟ್ಟು, ಹಳೆಯ ಎಣ್ಣೆಯನ್ನು ಕ್ರಮವಾಗಿ ಸಂಗ್ರಹಿಸುವ ಸರ್ವೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ಎಣ್ಣೆಯನ್ನು ನೀರಿನಿಂದ ಬೇರ್ಪಡಿಸುವ ತೊಟ್ಟಿಯುಳ್ಳ ಕಡೆಗೆ ಗಾಡಿಯನ್ನೇ ಒಯ್ಯುವುದು ಇನ್ನೂ ಉತ್ತಮ.

ವಿದ್ಯಾರ್ಥಿಗಳಿಗೆ ಒಂದು ಮಾತು

ಒಂದು ಎಂಜಿನ್ನಿನ ಹೊರಮೈಯನ್ನು ಶುಚಿಮಾಡುವ ಕೆಲಸದಲ್ಲಿ ಸ್ಟೀಫನ್ನನ ನಿಯಮ, ಓಮನ ನಿಯಮ, ಆಮ್ಲ ಕ್ಷಾರಗಳ ಕೂಟ, ಅಣುವಿನ ಗಾತ್ರದ ಅಳತೆ ಎಲ್ಲವೂ ಬಂದವು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇವನ್ನೆಲ್ಲ ಬರೆಯಬಲ್ಲ ನಮ್ಮ ತರುಣರಲ್ಲಿ ಹೆಚ್ಚಿನವರು ಬಾನೆಟ್ಟನ್ನು ಎತ್ತಿ ನೋಡಿದವರಲ್ಲ. ಅದನ್ನು ದಿನವೂ ಎತ್ತುವ ಗ್ಯಾರೇಜಿನ ಹುಡುಗರಿಗೆ ಈ ನಿಯಮಗಳನ್ನು ಯಾರೂ ಹೇಳಿಕೊಟ್ಟಿಲ್ಲ. ಕೈಗೂ ತಲೆಗೂ ನಡುವೆ ಹೀಗೆ ಗೋಡೆ ಎದ್ದಿರುವುದು ನಮ್ಮ ಶಿಕ್ಷಣದ ದೊಡ್ಡ ಕೊರತೆಗಳಲ್ಲಿ ಒಂದು. ಹೈಸ್ಕೂಲುಗಳೂ ಕಾಲೇಜುಗಳೂ ಗುಜರಿಗೆ ಹೋಗುವ ಹಳೆಯ ಸ್ಕೂಟರ್ ಎಂಜಿನ್ನೊಂದನ್ನು ಪ್ರಯೋಗಶಾಲೆಗೆ ತರಿಸಲಿ. ಒಂದು ವಾರ ಅದರ ಕೊಳೆಯನ್ನು ಓದಿಸಲಿ, ಬಳಿಕ ತೊಳೆಸಲಿ, ಕಂಡುಬಂದ ದೋಷಗಳನ್ನು ವಿದ್ಯಾರ್ಥಿಗಳು ನೋಟ್‌ಪುಸ್ತಕದಲ್ಲಿ ಬರೆದಿಡಲಿ. ಊರಿನ ಮೇಸ್ತ್ರಿಯೊಬ್ಬರನ್ನು ಗೌರವದಿಂದ ಕರೆದು, ಆ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆಯೆಂದು ಕೇಳಲಿ. ಅವರು ತೋರಿಸುವ ದೋಷಗಳಿಗೆ ಕಾರಣವನ್ನು ವಿದ್ಯಾರ್ಥಿಗಳು ತಮ್ಮ ಪುಸ್ತಕಗಳಲ್ಲಿ ಹುಡುಕಿ, ಅವರಿಗೂ ತಿಳಿಸಲಿ. ಬಣ್ಣದ ಡಬ್ಬಿಯನ್ನು ತೆರೆಯುವುದು ಅಷ್ಟೆಲ್ಲ ಆದ ಮೇಲೆ.